ಹಳೇ ಪಿಸ್ತೂಲು ಯಾವಾಗ ಆಯುಧ, ಯಾವಾಗ ಸಂಗ್ರಹದ ವಸ್ತು?

2025ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ್ದ ಬೆಳ್ಳಿ ಕೆಲಸದ ಒಂದು ಜೊತೆ ಚಕಮಕಿ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ) ಪಿಸ್ತೂಲುಗಳು ಸುಮಾರು 11 ಲಕ್ಷ ಪೌಂಡಿಗೆ ಹೋದವು. ಅದಕ್ಕೂ ಹಿಂದಿನ ವರ್ಷ, 2024ರ ಜುಲೈನಲ್ಲಿ, ಫ್ರಾನ್ಸಿನ ಫಾಂಟೆನ್‌ಬ್ಲೋ ಊರಿನಲ್ಲಿ ನೆಪೋಲಿಯನ್ನನ ಎರಡು ಪಿಸ್ತೂಲುಗಳಿಗೆ 16.9 ಲಕ್ಷ ಯೂರೋ ಸಿಕ್ಕಿತು. ಮಾರಾಟವೇನೋ ಆಯಿತು. ಆದರೆ ಕೊಂಡವರು ಅವನ್ನು ಫ್ರಾನ್ಸಿನಿಂದ ಆಚೆ ಒಯ್ಯುವ ಹಾಗಿರಲಿಲ್ಲ. ಹರಾಜಿಗೆ ಸ್ವಲ್ಪ ಮುಂಚೆ ಸರ್ಕಾರ ಅವನ್ನು ರಾಷ್ಟ್ರೀಯ ಸಂಪತ್ತು ಎಂದು ಘೋಷಿಸಿ, ರಫ್ತಿಗೆ ತಡೆ ಹಾಕಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಓದುಗರ ತಲೆಯಲ್ಲಿ ಒಂದೇ ಥರದ ಗೊಂದಲ ಏಳುತ್ತದೆ. ಬಂದೂಕನ್ನು ಹೀಗೆ ಸುತ್ತಿಗೆ ಬಡಿದು ಬಹಿರಂಗವಾಗಿ ಮಾರಬಹುದಾ? ಲೈಸೆನ್ಸ್ ಬೇಡವಾ? ಒಂದು ತುಕ್ಕು ಹಿಡಿದ ರಿವಾಲ್ವರಿಗೆ ಕೋಟಿಗಟ್ಟಲೆ ಕೊಡುವವರು, ಅದೇ ಮಾದರಿಯ ಇನ್ನೊಂದನ್ನು ಕಣ್ಣೆತ್ತಿಯೂ ನೋಡುವುದಿಲ್ಲವಲ್ಲ, ಯಾಕೆ? ಹಳೆಯದು ಅಂದಮೇಲೆ ಯಾರು ಬೇಕಾದರೂ ಮನೆಯಲ್ಲಿ ಇಟ್ಟುಕೊಳ್ಳಬಹುದು, ಅಲ್ವಾ?

ಈ ಕೊನೆಯ ಪ್ರಶ್ನೆಗೆ ಚಿಕ್ಕ ಉತ್ತರ: ಇಲ್ಲ. ಎಲ್ಲ ಕಡೆಯೂ ವಯಸ್ಸೊಂದರಿಂದಲೇ ತೀರ್ಮಾನವಾಗುವುದಿಲ್ಲ. ಬಹಳಮಟ್ಟಿಗೆ ಕಾನೂನಿಗೆ ಬೇಕಾಗಿರುವುದು, ಇದರಿಂದ ಇವತ್ತು ಗುಂಡು ಹಾರುತ್ತದಾ ಎಂಬುದು. ಮಾರುಕಟ್ಟೆಗೆ ಬೇಕಾಗಿರುವುದು, ಇದು ಅಸಲಿಯಾ ಎಂಬುದು. ಸರ್ಕಾರದ ಸಂಸ್ಕೃತಿ ಇಲಾಖೆಗೆ, ಇದು ಗಡಿ ದಾಟಬಹುದಾ ಎಂಬುದು. ಮೂರೂ ಬೇರೆ ಬೇರೆ ಪ್ರಶ್ನೆಗಳು. ಮೂರಕ್ಕೂ ಉತ್ತರ ಸಿಗುವುದು ಮಾತ್ರ ಒಂದೇ ಜಾಗದಲ್ಲಿ: ಲೋಹದ ಮೇಲೆ ಕೊರೆದ ಅಂಕಿ, ಮುದ್ರೆಗಳಲ್ಲಿ ಮತ್ತು ಅದರ ಜೊತೆ ಬರುವ ಕಾಗದದಲ್ಲಿ.

ಬೆಲೆ ಬರುವುದು ಎಲ್ಲಿಂದ?

2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅಮೆರಿಕದ ಕೋಲ್ಟ್ ಕಂಪನಿಯ ಒಂದು ಸಿಂಗಲ್ ಆ್ಯಕ್ಷನ್ ರಿವಾಲ್ವರ್ 60 ಲಕ್ಷ ಡಾಲರ್ ದಾಟಿತು. ಮಾದರಿಯ ಮಟ್ಟಿಗೆ ಅದರಲ್ಲಿ ವಿಶೇಷವೇನಿಲ್ಲ. 1873ರಲ್ಲಿ ಬಂದ ಈ ಕೋಲ್ಟ್, ಎರಡನೇ ಮಹಾಯುದ್ಧದ ಹೊತ್ತಿಗೆ ಮೊದಲ ಸುತ್ತಿನ ತಯಾರಿಕೆ ನಿಲ್ಲುವವರೆಗೆ ಮೂರೂವರೆ ಲಕ್ಷಕ್ಕೂ ಜಾಸ್ತಿ ತಯಾರಾಗಿತ್ತು. ಈ ಒಂದರ ವಿಶೇಷ ಏನೆಂದರೆ, 1881ರ ಜುಲೈನಲ್ಲಿ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ನಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ‘ಬಿಲ್ಲಿ ದ ಕಿಡ್’ ಎಂಬ ಕುಖ್ಯಾತ ಪಾತಕಿಯನ್ನು ಕೊಂದದ್ದು ಇದರಿಂದ. ಹಾಗೆಂದು ತೋರಿಸುವ ದಾಖಲೆಗಳ ಸರಪಳಿ ಕಡಿಯದೆ ಉಳಿದಿತ್ತು. 60 ಲಕ್ಷ ಡಾಲರ್ ಹೋದದ್ದು ಆ ಸರಪಳಿಗೆ.

ಕಾಗದದ ಬಲ ಎಷ್ಟು ಎಂದು ಅಳೆಯಲು ಇನ್ನೂ ಒಳ್ಳೆಯ ಜೋಡಿ ಯುರೋಪಿನಲ್ಲಿದೆ. ಎರಡೂ ಫ್ರಾನ್ಸಿನ ಲೆಫೋಶೆ ಮಾದರಿಯ 7 ಮಿಲಿಮೀಟರ್ ರಿವಾಲ್ವರುಗಳು. ಆ ಕಾಲಕ್ಕೆ ಇವು ಸಾಮಾನ್ಯರ ಜೇಬಿಗೆ ಎಟುಕುವ ಆಯುಧಗಳಾಗಿದ್ದವು. ಒಂದರಿಂದ 1873ರಲ್ಲಿ ಬ್ರಸೆಲ್ಸ್‌ನಲ್ಲಿ ಕವಿ ವರ್ಲೇನ್ ತನ್ನ ಗೆಳೆಯ, ಕವಿ ರ‍್ಯಾಂಬೋ ಮೇಲೆ ಗುಂಡು ಹಾರಿಸಿದ. ಇನ್ನೊಂದರಿಂದ ಚಿತ್ರಕಾರ ವ್ಯಾನ್ ಗೋ 1890ರಲ್ಲಿ ತನಗೇ ಗುಂಡು ಹಾರಿಸಿಕೊಂಡ ಎಂದು ನಂಬಲಾಗಿದೆ. ಮೊದಲನೆಯದರ ಹಿಂದೆ ಪೊಲೀಸ್ ಕೇಸಿನ ದಾಖಲೆ ಇತ್ತು, ಮಾರಿದ ಅಂಗಡಿಯ ಲೆಕ್ಕದ ಪುಸ್ತಕ ಇತ್ತು. 2016ರಲ್ಲಿ ಅದಕ್ಕೆ 4,34,500 ಯೂರೋ ಬಂತು. ಎರಡನೆಯದು ಹೊಲದಲ್ಲಿ ರೈತರೊಬ್ಬರಿಗೆ ಸಿಕ್ಕಿದ್ದು, ತುಕ್ಕು ತಿಂದು ಹೋಗಿತ್ತು. ಜಾಗ ಹೊಂದುತ್ತದೆ, ಗುಂಡಿನ ಅಳತೆ ಹೊಂದುತ್ತದೆ, ಮಣ್ಣಿನಲ್ಲಿ ಹೂತಿದ್ದ ಕಾಲವೂ ಹೊಂದುತ್ತದೆ. ಆದರೂ ‘ಬಹುಶಃ’ ಅನ್ನುವ ಮಾತು ಬಿಟ್ಟು ಹೋಗಲಿಲ್ಲ. 2019ರಲ್ಲಿ ಅದು 1,62,500 ಯೂರೋಗೆ ನಿಂತಿತು. ಜಗತ್ತಿನಲ್ಲಿ ವರ್ಲೇನ್‌ಗಿಂತ ವ್ಯಾನ್ ಗೋ ಎಷ್ಟೋ ಪಾಲು ಹೆಚ್ಚು ಹೆಸರುವಾಸಿ. ಹೆಸರು ಎಳೆದುಕೊಡದ ಬೆಲೆಯನ್ನು ಕಾಗದ ಎಳೆದುಕೊಟ್ಟಿತು ಅನ್ನುವುದು ನನ್ನ ಓದು.

ಹೆಸರಾಂತರ ಕಥೆ ಇಲ್ಲದ ಆಯುಧಗಳಿಗೂ ಇದೇ ಲೆಕ್ಕ, ಪ್ರಮಾಣ ಮಾತ್ರ ಚಿಕ್ಕದು. 1847ರ ಕೋಲ್ಟ್ ವಾಕರ್ ತಯಾರಾದದ್ದು ಸುಮಾರು 1,100 ಮಾತ್ರ. ಅದರಲ್ಲೂ ಸೈನ್ಯಕ್ಕೆ ಹೋಗದೆ ಹೊರಗೆ ಮಾರಾಟವಾದ ಒಂದು, ತನ್ನ ಮೂಲ ಪೆಟ್ಟಿಗೆ ಮತ್ತು ದಾಖಲೆಗಳ ಸಮೇತ 2018ರಲ್ಲಿ 18.4 ಲಕ್ಷ ಡಾಲರ್ ತಂದಿತು. 1851ರ ಕೋಲ್ಟ್ ನೇವಿ ಎರಡು ಲಕ್ಷಕ್ಕೂ ಜಾಸ್ತಿ ತಯಾರಾದದ್ದು. ಅವುಗಳಲ್ಲಿ ಬಹಳಷ್ಟು ಉಳಿದಿವೆ, ಹಾಗಾಗಿ ಹೊಸ ಸಂಗ್ರಾಹಕರ ಕೈಗೆ ಎಟುಕುತ್ತವೆ.

1898 ಎಂಬ ಗೆರೆ

ಈಗ ಕಾನೂನಿನ ಕಡೆ ಬರೋಣ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಒಂದು ಗೆರೆ ಎಳೆಯಿತು: 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ‘ಆ್ಯಂಟಿಕ್’. ಕೇಂದ್ರ ಕಾನೂನಿನ ಕಣ್ಣಿಗೆ ಅದು ಬಂದೂಕೇ ಅಲ್ಲ. ರಾಜ್ಯಗಳ ಕಾನೂನು ಬೇರೆ ಇರಬಹುದು, ಅದನ್ನು ಮರೆಯಬಾರದು. 2001ರ ವಿಶ್ವಸಂಸ್ಥೆಯ ಬಂದೂಕು ಒಪ್ಪಂದವೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದು, 1899ರ ನಂತರ ತಯಾರಾದ ಯಾವುದನ್ನೂ ಆ್ಯಂಟಿಕ್ ಅನ್ನಬಾರದು ಎಂದಿತು.

ಯಾಕೆ ಆ ಕಾಲಘಟ್ಟ? ತಂತ್ರಜ್ಞಾನದ ಕಡೆ ನೋಡಿದರೆ ಅರ್ಥವಾಗುತ್ತದೆ. 19ನೇ ಶತಮಾನದ ಮೊದಲ ಭಾಗದಲ್ಲಿ ಪಿಸ್ತೂಲಿಗೆ ಮದ್ದು ಬೇರೆ, ಗುಂಡು ಬೇರೆ, ಕಿಡಿ ಕೊಡುವ ಕೇಪು ಬೇರೆ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ರಿವಾಲ್ವರಿನ ತಿರುಗುವ ಸಿಲಿಂಡರನ್ನೂ ಹೀಗೇ ತುಂಬಿಸಬೇಕಿತ್ತು. ಆಮೇಲೆ ಎಲ್ಲವನ್ನೂ ಒಂದೇ ಲೋಹದ ಕೊಳವೆಯಲ್ಲಿ ಸೇರಿಸಿದ ತೋಟಾ ಬಂತು. ಲೆಫೋಶೆ ತೋಟಾದ ಪಕ್ಕದಲ್ಲಿ ಒಂದು ಸಣ್ಣ ಮೊಳೆ ಚಾಚಿಕೊಂಡಿರುತ್ತಿತ್ತು, ರಿವಾಲ್ವರಿನ ಸುತ್ತಿಗೆ ಅದರ ಮೇಲೆ ಬೀಳುತ್ತಿತ್ತು. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಸಿಲಿಂಡರಿನ ಹಿಂಬದಿಯಿಂದ ತೋಟಾ ತುಂಬಿಸುವ ರಿವಾಲ್ವರ್ ತಂದಿತು. ಅದರ ಪೇಟೆಂಟ್ ಅವಧಿ 1869ರಲ್ಲಿ ಮುಗಿದ ಮೇಲೆ ಉಳಿದ ಕಂಪನಿಗಳೂ ಆ ದಾರಿಗೆ ಬಂದವು. ಫ್ರಾನ್ಸಿನಲ್ಲಿ 1884ರಲ್ಲಿ ಹೊಗೆಯಿಲ್ಲದ ಮದ್ದು ಸಿದ್ಧವಾಯಿತು. ಕಪ್ಪು ಮದ್ದಿಗಿಂತ ಇದರ ಒತ್ತಡ ಬಹಳ ಜಾಸ್ತಿ. ಇಂಥ ಮದ್ದಿನ ಬಲದಲ್ಲೇ 1890ರ ದಶಕದಲ್ಲಿ ತಾನೇ ತೋಟಾ ತುಂಬಿಕೊಳ್ಳುವ ಪಿಸ್ತೂಲುಗಳು ಹುಟ್ಟಿದವು: 1893ರ ಬೋರ್ಶಾರ್ಟ್, 1896ರ ಮೌಸರ್. ಅಂದರೆ 1898ರ ಹೊತ್ತಿಗೆ ಹಳೆಯ ಪ್ರಪಂಚ ಮುಗಿಯುತ್ತಾ ಇತ್ತು, ನಾವು ಇವತ್ತು ಪಿಸ್ತೂಲು ಅನ್ನುವುದು ಕಣ್ಣು ಬಿಡುತ್ತಾ ಇತ್ತು.

ಗೆರೆ ಅಂದಮೇಲೆ ವಿಚಿತ್ರಗಳೂ ಇರುತ್ತವೆ. 1898ರಲ್ಲಿ ತಯಾರಾದ ಮೌಸರ್ ಅಮೆರಿಕದಲ್ಲಿ ಆ್ಯಂಟಿಕ್. ಅದೇ ಕಾರ್ಖಾನೆಯಿಂದ ಮುಂದಿನ ವರ್ಷ ಬಂದ ಅದೇ ಮೌಸರ್, ಕಾನೂನಿನ ಲೆಕ್ಕದಲ್ಲಿ ಬಂದೂಕು. ಇನ್ನೊಂದು ಕಡೆ, ಮದ್ದು-ಗುಂಡು ಬೇರೆ ಬೇರೆ ತುಂಬಿಸುವ ಹಳೇ ಕೋಲ್ಟಿನ ನಕಲು ನಿನ್ನೆ ತಯಾರಾಗಿದ್ದರೂ ಕೇಂದ್ರ ಕಾನೂನು ಅದನ್ನು ಆ್ಯಂಟಿಕ್ ಪಟ್ಟಿಗೇ ಸೇರಿಸುತ್ತದೆ. ಯಾಕೆಂದರೆ ಅದಕ್ಕೆ ಇವತ್ತಿನ ತೋಟಾ ಹಿಡಿಸುವುದಿಲ್ಲ.

1898ರ ನಂತರದ ಹಳೆಯವುಗಳಿಗೆ ಅಮೆರಿಕ ನಡುವೆ ಇನ್ನೊಂದು ಮೆಟ್ಟಿಲು ಇಟ್ಟಿದೆ. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದವು ‘ಕ್ಯೂರಿಯೋ ಮತ್ತು ರೆಲಿಕ್’, ಅಂದರೆ ಕುತೂಹಲದ ಮತ್ತು ಹಳೆಯ ಕುರುಹಿನ ವಸ್ತುಗಳು. ಸಂಗ್ರಾಹಕರಿಗೆಂದೇ ಇರುವ ಪ್ರತ್ಯೇಕ ಲೈಸೆನ್ಸ್ ಪಡೆದವರು ಇವನ್ನು ಕೊಳ್ಳಬಹುದು. ವ್ಯಾಪಾರ ಮಾಡುವ ಹಾಗಿಲ್ಲ.

ಫ್ರಾನ್ಸಿನ ಗೆರೆ ಇನ್ನೂ ಬೇರೆ. ಅಲ್ಲಿ ಮುಖ್ಯವಾಗಿ ನೋಡುವುದು ಮಾದರಿ 1900ಕ್ಕಿಂತ ಹಿಂದಿನದಾ ಎಂದು. ಅಪಾಯಕಾರಿ ಎನಿಸಿದ ಕೆಲವು ಮಾದರಿಗಳನ್ನು ಹೆಸರಿಸಿ ಹೊರಗಿಟ್ಟಿದ್ದಾರೆ. ರಷ್ಯಾದ ನಾಗಾಂತ್ ರಿವಾಲ್ವರ್ 1895ರ ಮಾದರಿ, ಆದರೆ ಎರಡನೇ ಮಹಾಯುದ್ಧದವರೆಗೂ ತಯಾರಾಗುತ್ತಲೇ ಇತ್ತು. 1930ರ ದಶಕದಲ್ಲಿ ತೂಲಾ ಕಾರ್ಖಾನೆಯಿಂದ ಬಂದ ಒಂದು ನಾಗಾಂತನ್ನು ತಯಾರಾದ ವರ್ಷದಿಂದ ಅಳೆದರೆ ಒಂದು ಉತ್ತರ, ಮಾದರಿಯ ವರ್ಷದಿಂದ ಅಳೆದರೆ ಇನ್ನೊಂದು ಉತ್ತರ. ಆಯುಧ ಬದಲಾಗಿಲ್ಲ, ಗಡಿ ಬದಲಾಗಿದೆ ಅಷ್ಟೇ. ಅಂತರ್ಜಾಲದಲ್ಲಿ ‘ಇದಕ್ಕೆ ಲೈಸೆನ್ಸ್ ಬೇಡ’ ಎಂಬ ಮಾತು ಓದಿ ನಂಬುವವರು ಎಡವುವುದು ಇಲ್ಲೇ. ಆ ಮಾತು ಬರೆದವರ ದೇಶದಲ್ಲಿ ನಿಜ ಇರಬಹುದು.

ಬ್ರಿಟನ್ ಕೇಳುವ ಪ್ರಶ್ನೆ: ತೋಟಾ ಸಿಗುತ್ತಾ?

ಬ್ರಿಟನ್ನಿನಲ್ಲಿ 1996ರ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ನಂತರ, 1997ರ ಕಾಯ್ದೆಗಳಿಂದ ಕೈಬಂದೂಕುಗಳಿಗೆ ಹೆಚ್ಚುಕಡಿಮೆ ಪೂರ್ತಿ ನಿಷೇಧ ಬಂತು. ಆದರೂ ಹಳೆಯವುಗಳಿಗೆ ಒಂದು ಬಾಗಿಲು ತೆರೆದೇ ಇತ್ತು. ಕುತೂಹಲದ ಅಥವಾ ಅಲಂಕಾರದ ವಸ್ತುವಾಗಿ ಇಟ್ಟುಕೊಂಡ ಆ್ಯಂಟಿಕ್‌ಗೆ ಪ್ರಮಾಣಪತ್ರ (ಅಲ್ಲಿನ ಲೈಸೆನ್ಸ್) ಬೇಡ. ಇಲ್ಲಿ ಉದ್ದೇಶವೂ ಲೆಕ್ಕಕ್ಕೆ ಬರುತ್ತದೆ. ಗೋಡೆಗೆ ತೂಗಿದರೆ ಅಲಂಕಾರ. ಅದನ್ನೇ ಹಾರಿಸಲು ಹೊರಟರೆ ವಿನಾಯಿತಿ ಹೋಯಿತು.

ಆ್ಯಂಟಿಕ್ ಯಾವುದು ಎಂದು ಹೇಳಲು ಅವರು ಇಟ್ಟುಕೊಂಡದ್ದು ಒಂದು ಪಟ್ಟಿ: ಈಗ ಬಳಕೆಯಲ್ಲಿಲ್ಲದ ತೋಟಾಗಳ ಪಟ್ಟಿ. ಆಯುಧ ಆ ಪಟ್ಟಿಯ ತೋಟಾಗೆ ಮಾಡಿದ್ದಾದರೆ ಮುಕ್ತ. ತರ್ಕ ಸರಳ. ತೋಟಾ ಸಿಗದಿದ್ದರೆ ರಿವಾಲ್ವರ್ ಬರೀ ಕಬ್ಬಿಣ.

ತರ್ಕ ಮುರಿದು ಬಿದ್ದದ್ದೂ ಅಲ್ಲೇ. ಅಂಗಡಿಯಲ್ಲಿ ಸಿಗದ ತೋಟಾವನ್ನು ಕೈಕೆಲಸ ಬಲ್ಲವರು ಮಾಡಿಕೊಳ್ಳಬಹುದು. ಅಪರಾಧಿಗಳಿಗೆ ಹೊಸ ಪಿಸ್ತೂಲು ಕದ್ದು ತರುವುದಕ್ಕಿಂತ, ಕಾನೂನುಬದ್ಧವಾಗಿ ಮಾರಾಟಕ್ಕಿದ್ದ 19ನೇ ಶತಮಾನದ ರಿವಾಲ್ವರ್ ಸುಲಭವಾಗಿ ಕೈಗೆ ಬರತೊಡಗಿತು. 2017ರಲ್ಲಿ ಬ್ರಿಟನ್ನಿನ ಒಂದು ನ್ಯಾಯಾಲಯ, ಹಳೇ ಆಯುಧಗಳನ್ನು ಅವುಗಳಿಗೆ ಹೊಂದುವ ಕೈತಯಾರಿ ಗುಂಡುಗಳ ಜೊತೆ ಗುಂಪುಗಳಿಗೆ ಒದಗಿಸಿದ ಒಬ್ಬ ವ್ಯಾಪಾರಿಗೆ 30 ವರ್ಷ ಜೈಲು ವಿಧಿಸಿತು. ಅವನು ನೋಂದಾಯಿತ ಬಂದೂಕು ವ್ಯಾಪಾರಿ. ಈ ಪ್ರಕರಣ ಸಂಗ್ರಾಹಕರ ಸಮುದಾಯಕ್ಕೆ ಕೊಟ್ಟ ಪೆಟ್ಟು ಸಣ್ಣದಲ್ಲ. ‘ಹಳೆಯವು ಯಾರಿಗೂ ತೊಂದರೆ ಕೊಡುವುದಿಲ್ಲ’ ಎಂಬ ಅವರ ಮುಖ್ಯ ವಾದವೇ ಅಲುಗಾಡಿತು.

ಪರಿಣಾಮವಾಗಿ 2021ರ ಮಾರ್ಚ್‌ನಲ್ಲಿ ಹೊಸ ನಿಯಮ ಬಂತು. 1939ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ತಯಾರಾಗಿರಬೇಕು ಎಂಬ ದಿನಾಂಕ ಗಟ್ಟಿಯಾಯಿತು. ಪಟ್ಟಿಯಿಂದ ಏಳು ತೋಟಾಗಳನ್ನು ಕಿತ್ತು ಹಾಕಿದರು. .44 ರಷ್ಯನ್, .41 ಕೋಲ್ಟ್, ಫ್ರೆಂಚ್ ಸೈನ್ಯದ 11 ಮಿಲಿಮೀಟರ್ ಅವುಗಳಲ್ಲಿ ಕೆಲವು. ಹಿಂದಿನ ದಿನದವರೆಗೆ ಷೋಕೇಸಿನಲ್ಲಿ ನಿಶ್ಚಿಂತೆಯಿಂದ ಇದ್ದ ರಿವಾಲ್ವರುಗಳು ಈಗ ಪ್ರಮಾಣಪತ್ರ ಬೇಡತೊಡಗಿದವು. ಅರ್ಜಿ ಹಾಕಲು ಅಥವಾ ವಿಲೇವಾರಿ ಮಾಡಲು ಮಾಲೀಕರಿಗೆ ಆರು ತಿಂಗಳು ಸಿಕ್ಕಿತು.

ಸಂಗ್ರಹ ಶುರು ಮಾಡುವವರು ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಅಮೆರಿಕದ್ದು ದಿನಾಂಕದ ಗೆರೆ, ಹಾಗಾಗಿ ಅದು ಕದಲುವುದಿಲ್ಲ. ಬ್ರಿಟನ್ನಿನದು ಪಟ್ಟಿ, ಮತ್ತು ಪಟ್ಟಿಯನ್ನು ಯಾವಾಗ ಬೇಕಾದರೂ ತಿದ್ದಬಹುದು. ಪಟ್ಟಿಯ ಅಂಚಿನಲ್ಲಿರುವ ತೋಟಾದ ರಿವಾಲ್ವರಿಗೆ ದುಡ್ಡು ಹಾಕುವುದು ಅಂದರೆ ಮುಂದಿನ ತಿದ್ದುಪಡಿಯ ಮೇಲೆ ಬಾಜಿ ಕಟ್ಟಿದ ಹಾಗೆಯೇ. ಚಕಮಕಿ, ಕೇಪು, ಮೊಳೆ ತೋಟಾದ ಆಯುಧಗಳಿಗೆ ಅಷ್ಟು ಭಯವಿಲ್ಲ.

ಭಾರತದ ನಿಯಮ ಏನು ಹೇಳುತ್ತದೆ

1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ. ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದು ಎಂದಾದರೆ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಎಲ್ಲ ಭಾರ ಇರುವುದು ‘ರಿಪೇರಿ ಮಾಡಿದರೂ’ ಎಂಬಲ್ಲಿ. ಅಜ್ಜನ ಕಾಲದ, ಬ್ರಿಟನ್ನಿನ ವೆಬ್ಲಿ ರಿವಾಲ್ವರಿನ ಕುದುರೆ (ಟ್ರಿಗರ್) ಸಿಕ್ಕಿಹಾಕಿಕೊಂಡಿದೆ ಅಂದಮಾತ್ರಕ್ಕೆ ಅದು ಈ ವಿನಾಯಿತಿಗೆ ಬರುವುದಿಲ್ಲ. ಸ್ಪ್ರಿಂಗ್ ಬದಲಿಸಿದರೆ ಅದು ಮತ್ತೆ ಕೆಲಸ ಮಾಡಬಹುದಲ್ಲ.

2019ರ ಡಿಸೆಂಬರ್‌ನ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದವೂ ಈ ಲೆಕ್ಕದಲ್ಲೇ ಸೇರುತ್ತವೆ. ಮೂರನೆಯದನ್ನು ಒಪ್ಪಿಸಲು ಒಂದು ವರ್ಷ ಕೊಟ್ಟರು. ಗುಂಡು ಹಾರಿಸಬಲ್ಲ ಹಳೇ ಪಿಸ್ತೂಲುಗಳ ದೊಡ್ಡ ಸಂಗ್ರಹ ಅನ್ನುವ ಕನಸಿಗೆ ಇಲ್ಲಿಗೇ ಬಾಗಿಲು ಮುಚ್ಚಿತು.

ಅದಾಗಿ ಎರಡೇ ತಿಂಗಳಿಗೆ, 2020ರ ಫೆಬ್ರವರಿಯಲ್ಲಿ, ಕೇಂದ್ರ ಗೃಹ ಸಚಿವಾಲಯ ನಿಯಮ ತಿದ್ದಿತು. ‘ಕ್ಯೂರಿಯೋ’ ವರ್ಗಕ್ಕೆ ಸೇರುವ ಚಿಕ್ಕ ಆಯುಧಗಳನ್ನು ಭಾರತದ ನಾಗರಿಕರು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದಿತು. ತುಂಬಾ ಜನ ಸುದ್ದಿಯ ಈ ಅರ್ಧವನ್ನಷ್ಟೇ ಓದಿಕೊಂಡರು. ಇನ್ನರ್ಧ ಹೀಗಿದೆ: ಅದನ್ನು ಬಳಸಲು, ಕೊಂಡೊಯ್ಯಲು, ಸಾಗಿಸಲು ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸಿನಲ್ಲಿ ಅದು ನಮೂದಾಗದಿದ್ದರೆ ಗುಂಡು ಮಾರುವಂತಿಲ್ಲ. ಹಾಗಾಗಿ ಮನೆಯ ಕಪಾಟಿನಲ್ಲಿರುವ ಕ್ಯೂರಿಯೋವನ್ನು ಇನ್ನೊಬ್ಬರಿಗೆ ತೋರಿಸಲು ಚೀಲದಲ್ಲಿ ಹಾಕಿಕೊಂಡು ಹೊರಟರೆ ಅದು ಬೇರೆಯೇ ವಿಷಯ. ಯಾವುದು ಕ್ಯೂರಿಯೋ ಅನ್ನುವುದನ್ನು ಮಾಲೀಕರು ತಾವೇ ತೀರ್ಮಾನಿಸಿಕೊಂಡು ಕೂರುವುದಕ್ಕಿಂತ, ಲೈಸೆನ್ಸ್ ಕೊಡುವ ಅಧಿಕಾರಿಯಿಂದ ಬರವಣಿಗೆಯಲ್ಲಿ ಪಡೆಯುವುದೇ ಕ್ಷೇಮ.

ಇದರ ಮೇಲೆ ಇನ್ನೊಂದು ಕಾಯ್ದೆ ಕೂತಿದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ, ಚಾರಿತ್ರಿಕ ಅಥವಾ ಕಲಾ ಮೌಲ್ಯದ ವಸ್ತು ಪ್ರಾಚ್ಯವಸ್ತುವಾಗುತ್ತದೆ. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಲಂಡನ್ನಿನಲ್ಲಿ ಬೆಲೆ ಇದೆ ಎಂದು ಇಲ್ಲಿಂದ ಕಳಿಸುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಎರಡು ಕಡೆಯ ವಾದ

ನಿಯಂತ್ರಣ ಬೇಕು ಅನ್ನುವವರ ವಾದ ಸ್ಪಷ್ಟ: ಗುಂಡಿಗೆ ಇತಿಹಾಸ ಗೊತ್ತಿಲ್ಲ, 1870ರ ರಿವಾಲ್ವರಿನಿಂದ ಬಂದರೂ ಅದು ಕೊಲ್ಲುತ್ತದೆ. ನಿಷ್ಕ್ರಿಯ ಮಾಡಿ ಇಟ್ಟುಕೊಳ್ಳಿ, ನಿಮಗೆ ಬೇಕಾಗಿರುವುದು ನೋಡಲು ತಾನೇ ಎಂದು ಅವರು ಕೇಳುತ್ತಾರೆ. 2015ರ ಪ್ಯಾರಿಸ್ ದಾಳಿಗಳ ನಂತರ ಯುರೋಪಿಯನ್ ಒಕ್ಕೂಟ ನಿಷ್ಕ್ರಿಯಗೊಳಿಸುವ ವಿಧಾನಕ್ಕೆ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಕಟ್ಟುನಿಟ್ಟಿನ ಮಾನದಂಡ ತಂದಿತು. ಹೆಸರಿಗೆ ಮಾತ್ರ ನಿಷ್ಕ್ರಿಯವಾಗಿದ್ದ ಆಯುಧಗಳು ಮತ್ತೆ ಜೀವ ಪಡೆದು ಕಾಳಸಂತೆಗೆ ಹೋಗುತ್ತಿದ್ದುದೇ ಅದಕ್ಕೆ ಕಾರಣ.

ಸಂಗ್ರಾಹಕರ ಉತ್ತರವೂ ಹಗುರವಾದದ್ದಲ್ಲ. ನಳಿಗೆಗೆ ಲೋಹ ತುಂಬಿ, ಸಿಲಿಂಡರ್ ಕೊರೆದು, ಬೆಸುಗೆ ಹಾಕಿದ ಮೇಲೆ ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂದು ಯಾರೂ ತಿಳಿಯಲಾರರು. ನಾಗಾಂತಿನ ಸಿಲಿಂಡರ್ ಗುಂಡು ಹಾರುವ ಮುನ್ನ ಮುಂದೆ ಸರಿದು ನಳಿಗೆಗೆ ಅಂಟಿಕೊಳ್ಳುತ್ತದೆ. ಬೆಸುಗೆ ಹಾಕಿದ ನಾಗಾಂತಿನಲ್ಲಿ ಈ ಜಾಣತನ ಕಾಣುವುದಿಲ್ಲ. ಒಮ್ಮೆ ಕೆಡಿಸಿದ ಮೇಲೆ ವಾಪಸು ತರಲು ಬರುವುದಿಲ್ಲ. ಮತ್ತೆ, ಈಗ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿರುವುದು ಹಿಂದೊಮ್ಮೆ ಖಾಸಗಿಯವರು ಜೋಪಾನ ಮಾಡಿದ್ದೇ.

ನನಗೆ ಅನ್ನಿಸುವುದು ಇಷ್ಟು. ತೋಟಾ ಬಳಸುವ ರಿವಾಲ್ವರುಗಳ ವಿಷಯದಲ್ಲಿ ನಿಯಂತ್ರಣದವರ ಕಡೆಯೇ ತೂಕ ಜಾಸ್ತಿ, ಬ್ರಿಟನ್ನಿನ ಅನುಭವ ಅದನ್ನು ತೋರಿಸಿದೆ. ಚಕಮಕಿ ಮತ್ತು ಕೇಪಿನ ಪಿಸ್ತೂಲುಗಳನ್ನೂ ಅದೇ ಗಂಟಿಗೆ ಕಟ್ಟುವುದು ಮಾತ್ರ ಅತಿ. ಪ್ರತಿ ಗುಂಡಿಗೂ ಮದ್ದು ಸುರಿದು, ಗುಂಡು ಇಳಿಸಿ, ಕೇಪು ಸಿಕ್ಕಿಸಬೇಕಾದ ಆಯುಧವನ್ನು ದರೋಡೆಗೆ ಆರಿಸಿಕೊಳ್ಳುವವರು ವಿರಳ.

ಹಾಗಾದರೆ ಎಲ್ಲಿಂದ ಶುರು?

ಬಹಳ ಜನ ಕೈಗೆ ಸಿಕ್ಕಿದ್ದನ್ನು ಕೊಂಡು ಶುರು ಮಾಡುತ್ತಾರೆ. ಆಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಗುಡ್ಡೆ ಬೀಳುತ್ತದೆ. ಅನುಭವಸ್ಥರು ಮೊದಲೇ ಒಂದು ಎಲ್ಲೆ ಹಾಕಿಕೊಳ್ಳುತ್ತಾರೆ: ಒಬ್ಬ ತಯಾರಕ, ಒಂದು ಯುದ್ಧ, ಅಥವಾ ಒಂದು ತಾಂತ್ರಿಕ ಬದಲಾವಣೆ. ಕೇಪಿನಿಂದ ತೋಟಾಗೆ ದಾಟಿದ 1850ರಿಂದ 1875ರ ಅವಧಿಯೊಂದೇ ಸಾಕು, ಜೀವಮಾನವಿಡೀ ಓದಲು. ವಿಷಯ ಕಿರಿದಾದಷ್ಟೂ ಮೋಸ ಹೋಗುವ ಸಾಧ್ಯತೆ ಕಡಿಮೆ. ಒಂದೇ ಮಾದರಿಯ ನೂರಾರು ಚಿತ್ರ ನೋಡಿದ ಕಣ್ಣಿಗೆ ತಪ್ಪು ಸ್ಕ್ರೂ ಕೂಡ ಚುಚ್ಚುತ್ತದೆ.

ಜಮೀನು ಕೊಳ್ಳುವವರು ಮಣ್ಣಿಗಿಂತ ಮುಂಚೆ ಮೂಲಪತ್ರ ನೋಡುವ ಹಾಗೆ, ಇಲ್ಲಿ ಮೊದಲು ನೋಡಬೇಕಾದದ್ದು ಸಂಖ್ಯೆ ಮತ್ತು ಮುದ್ರೆ. ಲೋಹದ ಮೇಲಿನ ಗುರುತುಗಳು ಬಹಳ ಮಾತಾಡುತ್ತವೆ. ಬೆಲ್ಜಿಯಂನ ಲಿಯೇಜ್ ನಗರದ ಪರೀಕ್ಷಾ ಕೇಂದ್ರ ಅಂಡಾಕಾರದೊಳಗೆ ‘ಇಎಲ್‌ಜಿ’ ಅಕ್ಷರ ಮತ್ತು ನಕ್ಷತ್ರದ ಮುದ್ರೆ ಒತ್ತುತ್ತಿತ್ತು. ಅದರ ಮೇಲೆ ಕಿರೀಟ ಸೇರಿದ್ದು 1893ರಲ್ಲಿ. ಹಾಗಾಗಿ ಕಿರೀಟವಿರುವ ರಿವಾಲ್ವರನ್ನು 1870ರದ್ದು ಎಂದು ಮಾರಲು ಬಂದರೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಟಿಪ್ಪುವಿನ ಕಾರ್ಖಾನೆಗಳ ಆಯುಧಗಳಲ್ಲಿ ಹುಲಿಪಟ್ಟೆಯ ವಿನ್ಯಾಸದ ಜೊತೆಗೆ ಅವನೇ ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷ ಇರುತ್ತದೆ. ಪರಿಣತರು ಮೊದಲು ಹುಡುಕುವ ಗುರುತುಗಳಲ್ಲಿ ಅದೂ ಒಂದು.

ಜರ್ಮನಿಯ ಲೂಗರ್ ಪಿಸ್ತೂಲಿನಲ್ಲಿ ಮುಖ್ಯ ಸಂಖ್ಯೆಯ ಜೊತೆಗೆ ಸಣ್ಣ ಸಣ್ಣ ಬಿಡಿಭಾಗಗಳ ಮೇಲೂ ಅದರ ಕೊನೆಯ ಅಂಕಿಗಳಿರುತ್ತವೆ. ಎಲ್ಲವೂ ಹೊಂದಿದರೆ ಒಂದು ಬೆಲೆ, ಒಂದು ಭಾಗ ಬೇರೆಯದಾದರೂ ಇನ್ನೊಂದು ಬೆಲೆ. ಕೋಲ್ಟ್ ಕಂಪನಿಯ ದಾಖಲೆ ವಿಭಾಗ ಮತ್ತು ಸ್ಮಿತ್ ಆ್ಯಂಡ್ ವೆಸನ್‌ನ ಇತಿಹಾಸ ಪ್ರತಿಷ್ಠಾನ, ಕ್ರಮಸಂಖ್ಯೆ ಕೊಟ್ಟರೆ ಆ ರಿವಾಲ್ವರ್ ಯಾವತ್ತು, ಯಾರಿಗೆ, ಯಾವ ರೂಪದಲ್ಲಿ ಹೋಯಿತು ಎಂಬ ಪತ್ರವನ್ನು ಶುಲ್ಕ ಪಡೆದು ಕೊಡುತ್ತವೆ. ಎಷ್ಟೋ ಕಟ್ಟುಕತೆಗಳು ಈ ಒಂದು ಪತ್ರದ ಮುಂದೆ ಉದುರಿಹೋಗುತ್ತವೆ.

ಹೊಸಬರು ಜಾಸ್ತಿ ಬೀಳುವ ಹಳ್ಳ ಹೊಳಪಿನದು. ಫಳಫಳ ಹೊಳೆಯುವ 1880ರ ರಿವಾಲ್ವರ್ ಕಂಡರೆ ಖುಷಿಪಡುವ ಬದಲು ಅನುಮಾನ ಪಡಬೇಕು. ಮೂಲ ನೀಲಿ ಲೇಪ ಮುಕ್ಕಾಲು ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ಅದು ಮೂಲದ್ದು. ಉಜ್ಜಿ ಹೊಸ ಲೇಪ ಕೊಟ್ಟರೆ ಅಕ್ಷರಗಳ ಅಂಚು ಮಂಕಾಗುತ್ತದೆ, ಮೂಲೆಗಳು ಉರುಟಾಗುತ್ತವೆ, ಬೆಲೆ ನೆಲಕ್ಕಿಳಿಯುತ್ತದೆ. ಬ್ರಿಟಿಷ್ ಸೈನ್ಯದ .455 ವೆಬ್ಲಿಗಳಿಗೆ ಇನ್ನೊಂದು ಗತಿ ಬಂತು. ಅಮೆರಿಕಕ್ಕೆ ಹೋದ ಅನೇಕವುಗಳ ಸಿಲಿಂಡರನ್ನು ಅಲ್ಲಿ ಸುಲಭವಾಗಿ ಸಿಗುವ .45 ತೋಟಾ ಹಿಡಿಸಲು ಹಿಂಬದಿಯಲ್ಲಿ ಕೆತ್ತಿಬಿಟ್ಟರು. ಅಂಥವು ಸಂಗ್ರಾಹಕರ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ.

ಇನ್ನು ನಕಲಿಗಳು. ಇಟಲಿಯಲ್ಲಿ 1950ರ ದಶಕದ ಕೊನೆಯಿಂದ ಹಳೇ ಕೋಲ್ಟುಗಳ ಒಳ್ಳೆಯ ನಕಲು ತಯಾರಾಗುತ್ತಿವೆ. ಅವು ಪ್ರಾಮಾಣಿಕ ನಕಲುಗಳು, ಅಲ್ಲಿನ ಪರೀಕ್ಷಾ ಮುದ್ರೆಯಲ್ಲಿ ವರ್ಷದ ಸಂಕೇತವೇ ಇರುತ್ತದೆ. ಮೋಸ ನಡೆಯುವುದು ಆಮೇಲೆ. ಯಾರೋ ಆ ಮುದ್ರೆಯನ್ನು ಉಜ್ಜಿ ತೆಗೆದು, ರಾಸಾಯನಿಕದಲ್ಲಿ ಮುಳುಗಿಸಿ ಮುಪ್ಪು ಬರಿಸುತ್ತಾರೆ. ಮುದ್ರೆ ಇರಬೇಕಾದ ಜಾಗದಲ್ಲಿ ಸವೆತ ಕಂಡರೆ ಉಳಿದದ್ದನ್ನು ನೋಡುವ ಕಷ್ಟವೇ ಬೇಡ.

ಜೋಪಾನದ ವಿಷಯ ಬೇಗ ಮುಗಿಸಬಹುದು. ಹಳೇ ಪಿಸ್ತೂಲು ಕೈಗೆ ಬಂದರೆ ಅದು ತುಂಬಿದೆ ಎಂದೇ ತಿಳಿದು ಹಿಡಿಯಬೇಕು. ನಳಿಗೆಯ ಬಾಯಿಂದ ಮದ್ದು ತುಂಬಿಸುವವುಗಳಲ್ಲಿ ದಶಕಗಳ ಹಿಂದಿನ ಮದ್ದು ಹಾಗೇ ಉಳಿದಿರುವುದುಂಟು. ತಿಳಿದವರಿಂದ ಪರೀಕ್ಷೆ ಮಾಡಿಸುವವರೆಗೆ ಕುದುರೆ ಮುಟ್ಟಬಾರದು. ಚರ್ಮದ ಚೀಲದೊಳಗೆ ಇಟ್ಟು ವರ್ಷಗಟ್ಟಲೆ ಬಿಟ್ಟರೆ ಚರ್ಮ ಹದ ಮಾಡಿದ ಆಮ್ಲ ಮತ್ತು ತೇವ ಸೇರಿ ಲೋಹವನ್ನು ತಿನ್ನುತ್ತವೆ. ಚೀಲ ಬೇರೆ, ಪಿಸ್ತೂಲು ಬೇರೆ ಇಡಬೇಕು. ವಸ್ತುಸಂಗ್ರಹಾಲಯಗಳು ಬಳಸುವ ತೆಳು ಮೇಣ ಸವರಿದರೆ ಸಾಕು. ತುಕ್ಕು ಕಂಡ ತಕ್ಷಣ ಮರಳುಕಾಗದ ಹಿಡಿಯುವವರು ಮಾಡುವ ಹಾನಿ ತುಕ್ಕೂ ಮಾಡುವುದಿಲ್ಲ.

ಮುಂದೆ ಏನಾಗಬಹುದು?

ಮೊದಲನೆಯದಾಗಿ, ಬಳಕೆಯಲ್ಲಿಲ್ಲದ ತೋಟಾಗಳ ಪಟ್ಟಿಗಳು ಕಿರಿದಾಗುತ್ತಾ ಹೋಗುವ ಸಂಭವವೇ ಹೆಚ್ಚು. ಮನೆಯಲ್ಲೇ ಲೋಹದ ಸೂಕ್ಷ್ಮ ಕೆಲಸ ಮಾಡುವ ಯಂತ್ರಗಳು ಅಗ್ಗವಾಗುತ್ತಿರುವಾಗ ‘ಇದರ ತೋಟಾ ಯಾರೂ ಮಾಡಲಾರರು’ ಎಂಬ ಮಾತಿಗೆ ಬಲ ಉಳಿಯುವುದಿಲ್ಲ. ಅದರಿಂದ ಮಾರುಕಟ್ಟೆ ಎರಡಾಗಿ ಸೀಳುತ್ತದೆ. ತೋಟಾ ಕಾಲದ ಸಾಧಾರಣ ರಿವಾಲ್ವರುಗಳಿಗೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಚಕಮಕಿ ಮತ್ತು ಕೇಪಿನ ಕಡೆಗೆ, ದಾಖಲೆ ಗಟ್ಟಿಯಿರುವವುಗಳ ಕಡೆಗೆ ದುಡ್ಡು ಹರಿಯುತ್ತದೆ.

ಎರಡನೆಯದು ಗಡಿಯ ವಿಷಯ. ನೆಪೋಲಿಯನ್ನನ ಪಿಸ್ತೂಲುಗಳಿಗೆ ತಡೆ ಹಾಕಿದ ಫ್ರಾನ್ಸ್, ಕೊಳ್ಳಲು ಮುಂದೆ ಬರಲು ತನಗೆ 30 ತಿಂಗಳ ಗಡುವು ಇಟ್ಟುಕೊಂಡಿತು. 2023ರಲ್ಲಿ ಬ್ರಿಟನ್ ಕೂಡ, ಟಿಪ್ಪುವಿಗಾಗಿ 1793-94ರಲ್ಲಿ ಮಾಡಿದ 20 ಲಕ್ಷ ಪೌಂಡ್ ಬೆಲೆಯ ಒಂದು ಬೇಟೆ ಕೋವಿ ದೇಶ ಬಿಟ್ಟು ಹೋಗದಂತೆ ತಾತ್ಕಾಲಿಕ ತಡೆ ಹಾಕಿತ್ತು. ಶ್ರೀರಂಗಪಟ್ಟಣದಿಂದ ಹೊರಟ ವಸ್ತುಗಳನ್ನು ತನ್ನ ಸಂಪತ್ತು ಎಂದು ಬ್ರಿಟನ್ ಕಾಯುವುದರಲ್ಲಿ ಒಂದು ವ್ಯಂಗ್ಯವಿದೆ, ಬಿಡಿ. ಸಂಗ್ರಾಹಕರ ಮಟ್ಟಿಗೆ ಇದರ ಪರಿಣಾಮ ನೇರ. ಅತಿ ದೊಡ್ಡ ಹೆಸರಿನ ವಸ್ತುವನ್ನು ಎಲ್ಲಿ ಕೊಳ್ಳುತ್ತೀರೋ ಬಹುಶಃ ಅಲ್ಲೇ ಇಡಬೇಕಾಗುತ್ತದೆ.

ಮೂರನೆಯದರ ಬಗ್ಗೆ ಸುದ್ದಿಯಲ್ಲಿ ಮಾತೇ ಬರುವುದಿಲ್ಲ. ಅದು ವಾರಸುದಾರಿಕೆ. ಸಂಗ್ರಹ ಕಟ್ಟಿದವರು ತೀರಿಕೊಂಡ ಮೇಲೆ, ಕಪಾಟಿನಲ್ಲಿರುವ ಯಾವುದಕ್ಕೆ ಲೈಸೆನ್ಸ್ ಬೇಕು, ಯಾವುದಕ್ಕೆ ಬೇಡ ಅನ್ನುವುದು ಮನೆಯವರಿಗೆ ತಿಳಿದಿರುವುದಿಲ್ಲ. ಮಾಲೀಕರ ಹೆಸರಿನ ಲೈಸೆನ್ಸ್ ಅವರೊಂದಿಗೇ ಮುಗಿಯುತ್ತದೆ, ಆಯುಧ ಮಾತ್ರ ಮನೆಯಲ್ಲೇ ಇರುತ್ತದೆ. ಹೆದರಿದ ಕುಟುಂಬಗಳು ಎಲ್ಲವನ್ನೂ ಒಟ್ಟಿಗೆ ಪೊಲೀಸರಿಗೆ ಒಪ್ಪಿಸುತ್ತವೆ. ಹಾಗೆ ಒಪ್ಪಿಸಿದವು ಎಷ್ಟೋ ಕಡೆ ಕರಗಿಸುವ ಕುಲುಮೆಗೆ ಹೋಗುತ್ತವೆ, ಕಾನೂನುಬದ್ಧವಾಗಿ ಉಳಿಸಿಕೊಳ್ಳಬಹುದಾಗಿದ್ದ ಚಕಮಕಿ ಪಿಸ್ತೂಲೂ ಅವುಗಳ ಜೊತೆಯಲ್ಲೇ. ಪ್ರತಿ ವಸ್ತುವಿನ ಕ್ರಮಸಂಖ್ಯೆ, ಫೋಟೋ, ಖರೀದಿ ರಸೀದಿ, ಯಾವ ನಿಯಮದಡಿ ಇಟ್ಟುಕೊಂಡದ್ದು ಎಂಬ ಒಂದು ಸಾಲು, ಇಷ್ಟನ್ನು ಮೊದಲ ಖರೀದಿಯ ದಿನದಿಂದಲೇ ಬರೆದಿಟ್ಟು ಮನೆಯವರಿಗೆ ತೋರಿಸಿದ್ದರೆ ಈ ನಷ್ಟವನ್ನು ಬಹಳಮಟ್ಟಿಗೆ ತಡೆಯಬಹುದು.